ಹೇಳುವುದು ಹಕ್ಕು, ತೀರಿಸಬೇಕಾದ ಸಾಲವಲ್ಲ

ಗಂಡಿನ ಮೇಲೂ ಹೆಣ್ಣಿನ ಮೇಲೂ ಒಲವು ಮೂಡುವ ಬೈಸೆಕ್ಷುಯಲ್ ಮಕ್ಕಳಿಗೆ ಮನೆಯಲ್ಲಿ ಜಾತಕ ಹೊರಬಂದ ದಿನದಿಂದ ನಿದ್ದೆ ಹತ್ತುವುದಿಲ್ಲ. ಅಪ್ಪ ಅಮ್ಮನಿಗೆ ಹೇಳಬೇಕೇ, ಬೇಡವೇ? ಮಗ ಬಾಯಿಬಿಟ್ಟರೆ ‘ಹುಡುಗಿಯರೂ ಇಷ್ಟ ಅಂತೀಯಲ್ಲ, ಮದುವೆಯಾದ್ರೆ ಎಲ್ಲ ಸರಿಹೋಗುತ್ತೆ’ ಎಂಬ ಉತ್ತರ ಸಿದ್ಧವಿರುತ್ತದೆ. ಸಲಿಂಗಿ ಗೆಳೆಯರಲ್ಲೂ ಕೆಲವರು ‘ಯಾವುದಾದರೂ ಒಂದು ಕಡೆ ನಿಲ್ಲು’ ಎನ್ನುತ್ತಾರೆ. ಹೀಗೆ ಎರಡೂ ಕಡೆಯವರು ನಂಬದಿದ್ದಾಗ ಮೌನವೇ ವಾಸಿ ಎನಿಸುವುದು ಸಹಜ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. ‘ಇನ್ನೇಕೆ ಮುಚ್ಚಿಡಬೇಕು?’ ಎಂದು ಕೇಳುವವರು ಅದಕ್ಕೂ ಹಿಂದಿನ ಇನ್ನೊಂದು ತೀರ್ಪನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಅಂಶವೆಂದೂ ಅದರಲ್ಲಿ ಹೇಳಲಾಯಿತು. ಹಾಗಾದರೆ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದು ಆ ವ್ಯಕ್ತಿಗೇ ಸೇರಿದ್ದು. ಹೇಳದಿರುವುದು ಹೇಡಿತನವಲ್ಲ, ಸುಳ್ಳೂ ಅಲ್ಲ.

ಹೇಳಬೇಕೆನಿಸಿದವರು ಮೊದಲು ಕಾಲ ಕೆಳಗಿನ ನೆಲ ನೋಡಿಕೊಳ್ಳಲಿ. ಕಾಲೇಜಿನ ಫೀಸು ಅಪ್ಪನ ಕೈಯಲ್ಲಿದೆಯೇ? ಮನೆ ಬಿಡಬೇಕಾಗಿ ಬಂದರೆ ಆ ರಾತ್ರಿ ಎಲ್ಲಿಗೆ? ಮೊದಲ ಮಾತನ್ನು ನಂಬಿಕೆಯ ಒಬ್ಬ ಗೆಳತಿಗೋ ಅಕ್ಕನಿಗೋ ಹೇಳಿ ನೋಡಬಹುದು. ಮನಸ್ಸು ಕುಗ್ಗಿದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ‘ಸರಿಮಾಡಿಸುತ್ತೇವೆ’ ಎಂದು ವೈದ್ಯರಲ್ಲಿಗೆ ಎಳೆದೊಯ್ದರೆ, ಇಂಥ ಕನ್ವರ್ಷನ್ ಥೆರಪಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಘೋಷಿಸಿದೆ ಎಂಬುದು ಗೊತ್ತಿರಲಿ.

ಒಂದು ಕಡೆ ಮಾತ್ರ ನಾನು ಹೇಳುವುದರ ಪರ: ಬಾಳಸಂಗಾತಿಯಾಗಲಿರುವವರ ಮುಂದೆ. ಬೈಸೆಕ್ಷುಯಲ್ ಎಂದ ಮಾತ್ರಕ್ಕೆ ನಿಷ್ಠೆ ಕಡಿಮೆಯಾಗುವುದಿಲ್ಲ. ಆದರೆ ಮದುವೆಯುದ್ದಕ್ಕೂ ತನ್ನನ್ನೇ ಮುಚ್ಚಿಟ್ಟುಕೊಂಡು ಬದುಕುವುದು ಇಬ್ಬರಿಗೂ ಭಾರ. ಅಲ್ಲಿಯೂ ಒತ್ತಾಯ ಸಲ್ಲದು.

ಹಿರಿಯರಿಗೊಂದು ವಿನಂತಿ. ಮಗಳು ನಿಮ್ಮೆದುರು ಕೂತು ಹೇಳಿದಳೆಂದರೆ ಎಷ್ಟೋ ರಾತ್ರಿ ಯೋಚಿಸಿ ನಿಮ್ಮನ್ನು ನಂಬಿದ್ದಾಳೆ. ಆಕೆಯ ಅನುಮತಿಯಿಲ್ಲದೆ ಚಿಕ್ಕಪ್ಪನಿಗೂ ಹೇಳಬೇಡಿ. ‘ಯಾರು ಕಾರಣ?’ ಎಂದು ಕೇಳಬೇಡಿ. ಊಟಕ್ಕೆ ಕರೆಯಿರಿ, ಮರುದಿನವೂ ಎಂದಿನಂತೆ ಮಾತಾಡಿಸಿ. ನಿರ್ಧಾರ ಮಕ್ಕಳದು, ಹೇಳಿದರೂ ಮನೆ ತಪ್ಪದು ಎಂಬ ಭರವಸೆ ಕೊಡುವ ಹೊಣೆ ನಮ್ಮದು.