ಅಗ್ಗದ ಕ್ಲಚ್ ಪ್ಲೇಟು: ಜಾರುವುದು ಬೈಕೋ, ಜೇಬೋ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ತಯಾರಾದ ಜಾವಾ, ಯಜ್ಡಿಗಳು ಇನ್ನೂ ರಸ್ತೆ ಮೇಲೆ ಸದ್ದು ಮಾಡುತ್ತಲೇ ಇವೆ. ಇವಕ್ಕೆ ಕಂಪನಿ ಕ್ಲಚ್ ಪ್ಲೇಟು ಎಲ್ಲಿಂದ ಬರಬೇಕು? 2018ರಲ್ಲಿ ಮತ್ತೆ ಹುಟ್ಟಿಬಂದ ಜಾವಾದ್ದು ಬೇರೆಯದೇ ಫೋರ್ ಸ್ಟ್ರೋಕ್ ಎಂಜಿನ್. ಅದರ ಪ್ಲೇಟು ಹಳೇ ಟೂ ಸ್ಟ್ರೋಕ್ ಗಾಡಿಗೆ ಕೂರದು. ಬದಲಿ ಮಾಲೇ ಗತಿ. ಬದಲಿ ಅಂದಾಕ್ಷಣ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಅಸಲಿ ಸಮಸ್ಯೆ ಬದಲಿ ಮಾಲಿನದಲ್ಲ, ಕಳ್ಳ ಹೆಸರಿನದು. ಅಂಗಡಿಯಲ್ಲಿ ಸಿಗುವ ಪ್ಲೇಟು ಮೂರು ತರ. ಒಂದು, ಬೈಕ್ ಕಂಪನಿಯದು. ಎರಡು, ಬೇರೆ ತಯಾರಕರು ತಮ್ಮದೇ ಹೆಸರು ಹಾಕಿ ಮಾರುವುದು. ಇದು ನ್ಯಾಯವಾದ ವ್ಯಾಪಾರ. ಮೂರನೆಯದು, ಕಂಪನಿ ಡಬ್ಬಿಯಲ್ಲೇ ಕೂತ ನಕಲಿ. ಗಿರಾಕಿಗೆ ಟೋಪಿ ಬೀಳುವುದು ಇಲ್ಲೇ.

ಕ್ಲಚ್ಚಿನ ಕೆಲಸ ಸಣ್ಣದೇನಲ್ಲ. ಘರ್ಷಣೆಯ ಪದರ ಅಂಟಿಸಿದ ಪ್ಲೇಟು, ಉಕ್ಕಿನ ಪ್ಲೇಟು ಒಂದರ ಮೇಲೊಂದು ಕೂತು, ಸ್ಪ್ರಿಂಗಿನ ಒತ್ತಡದಲ್ಲಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುತ್ತವೆ. ಪದರ ಕಳಪೆಯಾದರೆ ಎಣ್ಣೆಯಲ್ಲಿ, ಕಾವಿನಲ್ಲಿ ಬೇಗ ಸವೆಯುತ್ತೆ. ಆಮೇಲೆ ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಏಳೋದಿಲ್ಲ. ಬಸ್ಸನ್ನು ಹಿಂದೆ ಹಾಕುವ ಹೊತ್ತಿನಲ್ಲಿ ಹೀಗಾದರೆ ಪ್ರಾಣಕ್ಕೇ ಸಂಚಕಾರ.

ಲೆಕ್ಕವನ್ನೂ ನೋಡಿ. ಪ್ಲೇಟಿನಲ್ಲಿ ಉಳಿಸಿದ ದುಡ್ಡು ಎರಡನೇ ಸಲ ಬಿಚ್ಚಿದಾಗ ಮಜೂರಿ, ಎಣ್ಣೆ, ಗ್ಯಾಸ್ಕೆಟ್ಟಿಗೇ ಹೋಗುತ್ತೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡ ಹಾಗೆ.

ಹಾಗಂತ ಎಲ್ಲ ತಪ್ಪೂ ಪ್ಲೇಟಿನದಲ್ಲ. ಕ್ಲಚ್ ಕೇಬಲ್ ಬಿಗಿಯಾಗಿ, ಲಿವರಿನಲ್ಲಿ ಸ್ವಲ್ಪವೂ ಸಡಿಲ ಇಲ್ಲದಿದ್ದರೆ ಒಳ್ಳೇ ಪ್ಲೇಟೂ ಜಾರುತ್ತೆ. ಕಾರಿನ ಎಣ್ಣೆಗೆ ಜಾರಿಕೆ ಹೆಚ್ಚಿಸುವ ಮದ್ದು ಬೆರೆಸಿರಬಹುದು. ಬೈಕಿಗೆ ಅದು ಆಗದು. ಹೊಸ ಪ್ಲೇಟನ್ನು ಎಣ್ಣೆಯಲ್ಲಿ ನೆನೆಸದೆ ಹಾಕಿದರೆ ಮೊದಲ ದಿನವೇ ಸುಡುತ್ತೆ. ಸೊಟ್ಟಗಾದ ಉಕ್ಕಿನ ಪ್ಲೇಟು, ಸೋತ ಸ್ಪ್ರಿಂಗು ಹಾಗೇ ಬಿಟ್ಟರೆ ಹೊಸದು ಹಾಕಿಯೂ ದಂಡ. ಇವನ್ನು ನೋಡದ ಮೇಸ್ತ್ರಿ ಪ್ಲೇಟನ್ನು ಬೈದು ಪ್ರಯೋಜನವೇನು?

ತೆರಿಗೆಯ ನೆಪವೂ ಈಗ ಅಷ್ಟು ನಡೆಯದು. 2025ರ ಸೆಪ್ಟೆಂಬರ್ 22ರಿಂದ ಬೈಕ್ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದರೂ "ಬಿಲ್ ಬೇಡ್ವಾ, ಕಮ್ಮಿ ಮಾಡ್ಕೊಡ್ತೀನಿ" ಎಂಬ ಮಾತಿಗೆ ಗಿರಾಕಿ ಕರಗುತ್ತಾನೆ. ಬಿಲ್ ಬಿಟ್ಟರೆ ಕೈಯಲ್ಲಿ ಸಾಕ್ಷಿಯೇ ಇಲ್ಲ.

ಕಾನೂನೇನೋ ಗಟ್ಟಿಯಾಗೇ ಇದೆ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಂತೆ ಸುಳ್ಳು ಮುದ್ರೆಯ ಮಾಲು ಮಾರಿದವರಿಗೆ 3 ವರ್ಷದವರೆಗೆ ಜೈಲು, ಮೇಲೆ ದಂಡ. ಗ್ರಾಹಕರ ಸಹಾಯವಾಣಿ 1915. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. ಆದರೆ ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ.

ಅಂಗಡಿಯವರು ಮಾಡಬೇಕಾದ್ದು ಇಷ್ಟೇ: ತಯಾರಕರ ಹೆಸರು ಬಿಲ್ಲಿನಲ್ಲಿ ಬರೆಯಲಿ, ಬದಲಿ ಮಾಲನ್ನು ಬದಲಿ ಎಂದೇ ಹೇಳಿ ಮಾರಲಿ. ಸತ್ಯ ಹೇಳಿದ್ದಕ್ಕೆ ಗಿರಾಕಿ ಓಡಿಹೋಗೋದಿಲ್ಲ. ನಡುದಾರಿಯಲ್ಲಿ ಗಾಡಿ ತಳ್ಳಿಸಿದರೆ ಮಾತ್ರ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತೋದಿಲ್ಲ.