ಅಂಬಾಸಿಡರ್ ಮತ್ತು ಡಿಜೈರ್ : ಗಟ್ಟಿತನದ ವಿಚಾರ

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಉತ್ತರಾರ್ಧದಿಂದ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ನೆನೆದೊಡನೆ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು ‘ಅದು ಗಟ್ಟಿ’ ಎಂಬುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಪಡಿಯಚ್ಚಾದ ಈ ವಾಹನವು ಮಂತ್ರಿಗಳನ್ನೂ ಮದುವಣಿಗರನ್ನೂ ಭೇದವೆಣಿಸದೆ ಹೊತ್ತಿತು. ಇಂದಿನ ಮಾರುತಿ ಡಿಜೈರಿನ ತಗಡನ್ನು ಬೆರಳಿನಿಂದ ಒತ್ತಿ ನೋಡಿ, ‘ಇದೂ ಒಂದು ಕಾರೇ?’ ಎಂದು ಮೂಗು ಮುರಿಯುವವರುಂಟು. ಅಭಿಮಾನವು ಸಹಜವೇ, ಆದರೆ ಅದರ ತರ್ಕವು ಪರೀಕ್ಷೆಗೆ ನಿಲ್ಲಲಾರದು.

ಗಟ್ಟಿತನವು ಯಾರ ಸಲುವಾಗಿ ಎಂಬುದನ್ನು ಮೊದಲು ಕೇಳಬೇಕು. ವಾಹನವು ಮರಕ್ಕೋ ಲಾರಿಗೋ ಅಪ್ಪಳಿಸಿದಾಗ ಅದರ ವೇಗದಲ್ಲಿ ಅಡಗಿದ್ದ ಶಕ್ತಿಯು ಎಲ್ಲಿಯಾದರೂ ವ್ಯಯವಾಗಲೇಬೇಕು. ಮುಂಭಾಗದ ಲೋಹವು ಮುದುಡದೆ ಸೆಟೆದು ನಿಂತರೆ ಆ ಆಘಾತವನ್ನು ಉಣ್ಣುವುದು ಒಳಗೆ ಕುಳಿತವರ ದೇಹ. ಮೊದಮೊದಲಿನ ಅಂಬಾಸಿಡರುಗಳಲ್ಲಿ ಸೀಟುಬೆಲ್ಟಿಲ್ಲ. ಸ್ಟೀರಿಂಗಿನ ದಂಡವೋ, ಚಾಲಕನ ಎದೆಗೆ ಇದಿರಾಗಿ ನೆಟ್ಟ ಈಟಿ! ಹೊಸ ಕಾರಿನ ಮೂತಿಯು ಮುದುಡಲೆಂದೇ ರಚಿತವಾದುದು. ಬಲವಾದ ಉಕ್ಕನ್ನು ಜನ ಕುಳಿತುಕೊಳ್ಳುವ ಕೋಣೆಯ ಸುತ್ತ ಬಿಗಿದಿರುತ್ತಾರೆ. 2024ರ ನವೆಂಬರಿನಲ್ಲಿ ಬಂದ ಡಿಜೈರಿನ ಎಲ್ಲ ಮಾದರಿಗಳಲ್ಲಿಯೂ 6 ಏರ್‌ಬ್ಯಾಗುಗಳಿವೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗಾಗಿ ಅದಕ್ಕೆ 5 ನಕ್ಷತ್ರಗಳು ದೊರೆತವು; ಮಾರುತಿಯ ಕಾರುಗಳಲ್ಲಿ ಈ ಮಾನ್ಯತೆ ಅದಕ್ಕೇ ಮೊದಲು. ನಜ್ಜುಗುಜ್ಜಾದ ಕಾರಿನಿಂದ ಮನುಷ್ಯನು ನಡೆದು ಹೊರಬರುವುದೇ ಮೇಲು. ಗೀರೂ ಬೀಳದ ಕಾರಿನಿಂದ ಅವನನ್ನು ಎತ್ತಿ ತರುವುದಲ್ಲ.

ಹೆಸರುಗಳ ಅರ್ಥವೂ ವಿನೋದಕರವಾದುದೇ. ಒಂದು ‘ರಾಯಭಾರಿ’, ಇನ್ನೊಂದು ‘ಆಸೆ’. ರಾಯಭಾರಿಯ ಕಾಲವು ಮುಗಿಯಿತು, ಆಸೆಗೆಲ್ಲಿಯ ಕೊನೆ!

ವೈಶಾಲ್ಯದಲ್ಲಿ ಮಾತ್ರ ಹಳೆಯದಕ್ಕೇ ಮಣೆ. ಗೇರಿನ ಹಿಡಿಯು ಸ್ಟೀರಿಂಗಿಗೆ ಹೊಂದಿಕೊಂಡಿದ್ದುದರಿಂದ ಮುಂದಿನ ಉದ್ದನೆಯ ಆಸನದಲ್ಲಿ ಮೂವರು ಕೂಡುತ್ತಿದ್ದರು. ಡಿಜೈರಿನ ಉದ್ದವು 3995 ಮಿಲಿಮೀಟರಿಗೆ ನಿಂತಿರುವುದು ಪ್ರಯಾಣಿಕರ ಹಿತಕ್ಕಲ್ಲ, 4 ಮೀಟರಿನೊಳಗಿನ ಕಾರುಗಳಿಗೆ ದೊರೆತ ತೆರಿಗೆಯ ರಿಯಾಯಿತಿಗಾಗಿ. 2012ರಲ್ಲಿ ಅದರ ಡಿಕ್ಕಿಯನ್ನು ಮೊಟಕುಗೊಳಿಸಿದ್ದು ಇದೇ ಕಾರಣದಿಂದ.

ನಿಜವಾಗಿ ಚಿಂತಿಸಬೇಕಾದ ನಷ್ಟವು ಬೇರೊಂದುಂಟು. ಅಂಬಾಸಿಡರಿನ ಬಾನೆಟ್ಟನ್ನೆತ್ತಿದರೆ 1489 ಸಿ.ಸಿ. ಎಂಜಿನ್ನಿನ ಸುತ್ತಲೂ ಕೈಯಾಡಿಸಲು ಎಡೆಯಿತ್ತು. ಕಾರ್ಬ್ಯುರೇಟರನ್ನು ಬಿಚ್ಚಿ ಶುದ್ಧಗೊಳಿಸುವುದನ್ನೂ ಪ್ಲಾಟಿನಮ್ ಪಾಯಿಂಟನ್ನು ಉಜ್ಜಿ ಕೂಡಿಸುವುದನ್ನೂ ಹುಡುಗನೊಬ್ಬನು ಮೇಸ್ತ್ರಿಯ ಬಳಿಯಲ್ಲಿ ನೋಡಿನೋಡಿಯೇ ಕಲಿಯುತ್ತಿದ್ದನು. ಆ ವಿದ್ಯೆಯಿಂದಲೇ ಒಂದು ಕುಟುಂಬವು ಬದುಕುತ್ತಿತ್ತು. ಹೊಸ ಕಾರಿನ ದೋಷವನ್ನು ಕಣ್ಣು ಕಿವಿಗಳು ಕಾಣಲಾರವು. ಕಂಪ್ಯೂಟರಿಗೆ ತಂತಿ ಜೋಡಿಸಿ ಕೇಳಬೇಕು. ಹಾಗೆಂದು ಆ ಯಂತ್ರವನ್ನು ಹಳಿಯುವುದು ಸಲ್ಲದು. ದುರಸ್ತಿಗೆ ಬೇಕಾದ ಮಾಹಿತಿಯನ್ನೂ ಉಪಕರಣವನ್ನೂ ಊರಿನ ಗ್ಯಾರೇಜುಗಳಿಗೂ ಕೈಗಾರಿಕಾ ತರಬೇತಿ ಶಾಲೆಗಳಿಗೂ ನ್ಯಾಯವಾದ ಬೆಲೆಗೆ ಒದಗಿಸುವಂತೆ ತಯಾರಕರನ್ನು ಒತ್ತಾಯಿಸಬೇಕು. ಕೇಂದ್ರ ಸರಕಾರವು ದುರಸ್ತಿಯ ಹಕ್ಕಿನ ವಿಚಾರವನ್ನು 2022ರಲ್ಲಿ ಕೈಗೆತ್ತಿಕೊಂಡಾಗ ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿತ್ತು. ಅಂಬಾಸಿಡರಿಗಾಗಿ ಕಣ್ಣೀರಿಡುವವರು ಈ ಬೇಡಿಕೆಗೆ ದನಿಗೂಡಿಸಿದರೆ ಗ್ಯಾರೇಜಿನ ಹುಡುಗನಿಗೆ ಕೆಲಸ ಉಳಿದೀತು.