ಇಲ್ಲವಾದ ಸೋಮವಾರಪೇಟೆ ಕ್ಷೇತ್ರ

ಸೋಮವಾರಪೇಟೆ ವಿಧಾನಸಭಾ ಕ್ಷೇತ್ರಕ್ಕೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2004ರಲ್ಲಿ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಅದರ ಹೆಸರು ಅಳಿದು, ತಾಲ್ಲೂಕು ಮಡಿಕೇರಿ ಕ್ಷೇತ್ರದೊಳಗೆ ಸೇರಿತು. ಕೊಡಗಿನ ಮೂರು ಸ್ಥಾನಗಳು ಎರಡಾದವು. ಇಂದು ಕಾಲೇಜಿನಲ್ಲಿ ಓದುತ್ತಿರುವ ಅನೇಕರಿಗೆ ಇಂಥದೊಂದು ಕ್ಷೇತ್ರವಿದ್ದ ಸಂಗತಿಯೇ ತಿಳಿದಿರಲಾರದು.

1972 ಮತ್ತು 1978ರಲ್ಲಿ ಇಲ್ಲಿಂದ ಆರಿಸಿಬಂದ ಆರ್. ಗುಂಡೂರಾಯರು 1980ರಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಇದೇ ಮತದಾರರು ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯನ್ನೇ ಸೋಲಿಸಿ ಜನತಾ ಪಕ್ಷದ ಬಿ.ಎ. ಜೀವಿಜಯ ಅವರನ್ನು ಗೆಲ್ಲಿಸಿದರು. 1994 ಮತ್ತು 1999ರಲ್ಲಿ ಬಿಜೆಪಿಯ ಅಪ್ಪಚ್ಚು ರಂಜನ್ ಗೆದ್ದರು. ಯಾವ ಪಕ್ಷವೂ ತನ್ನದೆಂದು ನಿಶ್ಚಿಂತೆಯಿಂದ ಇರಲಾಗದ ಕ್ಷೇತ್ರವಿದು. ಮುಖ್ಯಮಂತ್ರಿಯನ್ನೇ ಕೊಟ್ಟ ಮಾತ್ರಕ್ಕೆ ನಮ್ಮ ಕಾಡು, ಹೊಳೆಗಳು ಕ್ಷೇಮವಾಗಿದ್ದವೆಂದು ಯಾರೂ ಹೇಳಲಾರರು, ಅದು ಬೇರೆ ಮಾತು. ಆದರೆ ಪ್ರಶ್ನಿಸಲು ಹತ್ತಿರದಲ್ಲಿ ಒಬ್ಬ ಪ್ರತಿನಿಧಿಯಾದರೂ ಇದ್ದರು.

ಕ್ಷೇತ್ರ ಹೋದದ್ದು ಯಾರ ಪಿತೂರಿಯಿಂದಲೂ ಅಲ್ಲ, ಒಂದು ಭಾಗಾಕಾರದಿಂದ. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5,28,50,562. ಇದನ್ನು 224 ಸ್ಥಾನಗಳಿಗೆ ಹಂಚಿದರೆ ಸ್ಥಾನವೊಂದಕ್ಕೆ ಸುಮಾರು 2.36 ಲಕ್ಷ. ಕೊಡಗಿನ ಜನಸಂಖ್ಯೆ 5,48,561. ಎಂದರೆ ನಮ್ಮ ಪಾಲು 2.32. ದಶಮಾಂಶವನ್ನು ಕೈಬಿಟ್ಟು ಎರಡು ಸ್ಥಾನ ಕೊಟ್ಟರು. ಅದೇ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ 28 ದಕ್ಕಿದವು. ವಿಸ್ತೀರ್ಣದಲ್ಲಿ ಆ ಜಿಲ್ಲೆ, 4,102 ಚದರ ಕಿಲೋಮೀಟರಿನ ಕೊಡಗಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆ ನಗರ ಕುಡಿಯುವ ಕಾವೇರಿ ಹುಟ್ಟುವುದು ಇಲ್ಲಿ. ಜಲಾನಯನ ಪ್ರದೇಶಕ್ಕೆ ಈ ಲೆಕ್ಕದಲ್ಲಿ ಅಂಕವಿಲ್ಲ.

ಇನ್ನೊಂದು ನಷ್ಟದ ಬಗ್ಗೆ ನಾವು ಆಡಿದ್ದು ಕಡಿಮೆ. ಅಲ್ಲಿಯವರೆಗೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿದ್ದ ಎರಡೇ ವಿಧಾನಸಭಾ ಕ್ಷೇತ್ರಗಳಲ್ಲಿ ವಿರಾಜಪೇಟೆ ಒಂದು. 2008ರಲ್ಲಿ ರಾಜ್ಯದ ಮೀಸಲು ಸ್ಥಾನಗಳು 15ಕ್ಕೇರಿದರೂ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ಆ ಬಳಿಕ 2023ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಎರವ, ಜೇನುಕುರುಬ, ಕುಡಿಯ ಸಮುದಾಯದ ಒಬ್ಬರೂ ಕೊಡಗಿನಿಂದ ವಿಧಾನಸಭೆಗೆ ಹೋಗಿಲ್ಲ. ಸೋಮವಾರಪೇಟೆಗಾಗಿ ಮರುಗಿದವರಲ್ಲಿ ಎಷ್ಟು ಮಂದಿ ಇದಕ್ಕಾಗಿ ಮರುಗಿದರು?

2011ರ ಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಹತ್ತು ವರ್ಷಗಳಲ್ಲಿ ಹೆಚ್ಚಿದವರು ಆರು ಸಾವಿರಕ್ಕೂ ಕಡಿಮೆ. ಅದೇ ಭಾಗಾಕಾರದಲ್ಲಿ ನಮ್ಮ ಪಾಲು 2.03ಕ್ಕೆ ಇಳಿಯುತ್ತದೆ. ಮೂರು ತಾಲ್ಲೂಕುಗಳು ಈಗ ಐದಾಗಿವೆ, ಶಾಸಕರು ಇಬ್ಬರೇ.

ಸ್ಥಾನಗಳ ಸಂಖ್ಯೆಯನ್ನು ಜನಸಂಖ್ಯೆಯೇ ನಿರ್ಧರಿಸಲಿ, ಒಪ್ಪೋಣ. ಗಡಿಯ ಮಾತು ಹಾಗಲ್ಲ. ಭೌಗೋಳಿಕ ಲಕ್ಷಣ, ಸಂಪರ್ಕ ಸೌಕರ್ಯ ಮತ್ತು ಜನರ ಅನುಕೂಲವನ್ನು ಗಮನಿಸಿಯೇ ಗಡಿ ಗುರುತಿಸಬೇಕೆಂದು 2002ರ ಪುನರ್‌ವಿಂಗಡಣಾ ಕಾಯ್ದೆ ಹೇಳಿತ್ತು. ಕರಡು ಪ್ರಕಟಿಸಿ, ಆಕ್ಷೇಪಣೆ ಸ್ವೀಕರಿಸಿ, ಬಹಿರಂಗ ಸಭೆ ನಡೆಸಬೇಕೆಂದೂ ವಿಧಿಸಿತ್ತು. ಮುಂದಿನ ಪುನರ್‌ವಿಂಗಡಣೆಯ ಕರಡು ಹೊರಬಿದ್ದ ಮೇಲೆ ಧಾವಿಸುವುದಕ್ಕಿಂತ, ಮಳೆಗಾಲದಲ್ಲಿ ಯಾವ ಊರು ಯಾವುದರಿಂದ ಕಡಿದುಹೋಗುತ್ತದೆ, ಯಾವ ಹಾಡಿಯಿಂದ ತಾಲ್ಲೂಕು ಕೇಂದ್ರಕ್ಕೆ ಎಷ್ಟು ದೂರ ಎಂಬುದನ್ನು ಗ್ರಾಮಸಭೆಗಳಲ್ಲಿ ಈಗಲೇ ಬರೆದಿಡಬೇಕು. ನಕ್ಷೆ ಬರೆಯಲು ಬಲ್ಲ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಗಲಿ.